ಕುಸ್ಕೊದಲ್ಲಿ ಊಟ ಎಲ್ಲಿ ಮಾಡೋದು? ಅಪ್ಪ-ಅಮ್ಮನ ಜೊತೆ ಹೊರಟಿದ್ದೀವಿ, ಅಮ್ಮ ಪೂರ್ತಿ ಸಸ್ಯಾಹಾರಿ

ಮೈಸೂರಿನ_ಮಗ

ಎಲ್ಲರಿಗೂ ನಮಸ್ಕಾರ. ಜೂನ್ ಮೊದಲ ವಾರ ಪೆರುವಿಗೆ ಹೊರಟಿದ್ದೀವಿ. ನಾನು, ನನ್ನ ಹೆಂಡತಿ, ಮೈಸೂರಿಂದ ಬಂದು ಈಗ ಡಲ್ಲಾಸ್‌ನಲ್ಲಿ ನಮ್ಮ ಜೊತೆಗಿರೋ ಅಪ್ಪ-ಅಮ್ಮ. ಮಾಚು ಪಿಚು ನೋಡಬೇಕು ಅನ್ನೋದು ಅಪ್ಪನ ಎಷ್ಟೋ ವರ್ಷದ ಆಸೆ. ಹೈಸ್ಕೂಲಿನಲ್ಲಿ ಇತಿಹಾಸ ಪಾಠ ಮಾಡಿದವರು, ಇಂಕಾಗಳ ವಿಷಯ ಎತ್ತಿದರೆ ಈಗಲೂ ಗಂಟೆಗಟ್ಟಲೆ ಹೇಳ್ತಾರೆ. ಲಿಮಾದಿಂದ ವಿಮಾನದಲ್ಲಿ ಕುಸ್ಕೊಗೆ ಬಂದು, ಐದಾರು ದಿನ ಅಲ್ಲೇ ಇದ್ದು, ನಡುವೆ ಒಂದು ದಿನ ಮಾಚು ಪಿಚು ಅಂತ ಯೋಚನೆ.

ಟಿಕೆಟ್, ಹೋಟೆಲ್ ಎಲ್ಲ ಆಯ್ತು. ಊಟದ್ದೇ ಚಿಂತೆ. ಅಮ್ಮ ಮೊಟ್ಟೆ ಕೂಡ ಮುಟ್ಟಲ್ಲ. ಹಾಲು, ಮೊಸರು, ಚೀಸ್ ಆಗುತ್ತೆ. ಈರುಳ್ಳಿ ಬೆಳ್ಳುಳ್ಳಿಗೆ ತಕರಾರಿಲ್ಲ. ಅಪ್ಪನಿಗೆ ಮೊಟ್ಟೆ ಆಗುತ್ತೆ, ಬಿಪಿ ಮಾತ್ರೆ ನಡೀತಾ ಇದೆ. ನನ್ನ ಹೆಂಡತಿ ಎಲ್ಲ ತಿಂತಾಳೆ, ಅಷ್ಟು ದೂರ ಹೋಗಿ ಆ ಊರಿನ ಅಡುಗೆ ತಿನ್ನದೆ ಬರಲ್ಲ ಅಂತ ಹಟ ಹಿಡಿದಿದ್ದಾಳೆ. ನೆಟ್‌ನಲ್ಲಿ ಹುಡುಕಿದರೆ ಬರೀ ಪಿಜ್ಜಾ ಅಂಗಡಿ, ಇಲ್ಲದಿದ್ದರೆ ತಿಂಗಳ ಮುಂಚೆ ಕಾಯ್ದಿರಿಸಬೇಕಾದ ದುಬಾರಿ ಜಾಗಗಳು. ನಾಲ್ಕು ಜನ ಒಂದೇ ಮೇಜಿನ ಸುತ್ತ ಕೂತು ಎಲ್ಲರೂ ಹೊಟ್ಟೆ ತುಂಬ ತಿನ್ನೋ ಜಾಗ ಬೇಕು. ಅಲ್ಲಿ ಇದ್ದು ಬಂದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ.

ಇಂಗಿನ_ಒಗ್ಗರಣೆ

ನಾವು ಕಳೆದ ವರ್ಷ ಅತ್ತೆ-ಮಾವನ ಜೊತೆ ಹೋಗಿದ್ವಿ. ಹೋಟೆಲ್ ಬಿಟ್ಟು ಅಡುಗೆಮನೆ ಇರೋ ಅಪಾರ್ಟ್‌ಮೆಂಟ್ ಹಿಡೀರಿ. ಎಂಟಿಆರ್ ಪೊಟ್ಟಣಗಳು, ಚಟ್ನಿಪುಡಿ, ಒಂದು ಸಣ್ಣ ಕುಕ್ಕರ್ ತಗೊಂಡು ಹೋಗಿ. ಕುಕ್ಕರ್ ಯಾಕೆ ಅಂದ್ರೆ ಕುಸ್ಕೊ ಇರೋ ಎತ್ತರದಲ್ಲಿ ನೀರು ಸುಮಾರು 88 ಡಿಗ್ರಿಗೇ ಕುದಿಯುತ್ತೆ, ತೆರೆದ ಪಾತ್ರೆಯಲ್ಲಿ ಬೇಳೆ ಬೇಯೋದೇ ಇಲ್ಲ. ರಾತ್ರಿ ಅನ್ನ ಸಾರು ಸಿಕ್ಕಿದರೆ ದೊಡ್ಡವರು ಬೆಳಿಗ್ಗೆ ಹುಷಾರಾಗಿ ಏಳ್ತಾರೆ. ತಾಜಾ ಹಣ್ಣು, ಬಿತ್ತನೆ ಬೀಜದಂಥವು ಮಾತ್ರ ಬೇಡ, ಕಸ್ಟಮ್ಸ್‌ನಲ್ಲಿ ಕಿತ್ತುಕೊಳ್ತಾರೆ. ಹೊರಗಿನ ಊಟದ ಬಗ್ಗೆ ನನಗೆ ಹೆಚ್ಚು ಗೊತ್ತಿಲ್ಲ, ಒಂದೆರಡು ಕಡೆ ಬರೀ ಅನ್ನ, ಆಲೂಗಡ್ಡೆ ಫ್ರೈ ತಿಂದು ಎದ್ದು ಬಂದ್ವಿ.

ಹಾಸನದ_ಹೊಯ್ಸಳೆ

ನಮ್ಮವರ ಕೆಲಸದ ಮೇಲೆ ಕೆಲವು ವರ್ಷ ಕುಸ್ಕೊದಲ್ಲೇ ಸಂಸಾರ ಮಾಡಿದವಳು ನಾನು. ಹುಟ್ಟಾ ಸಸ್ಯಾಹಾರಿ. ಆದ್ದರಿಂದ ಸ್ವಲ್ಪ ಉದ್ದ ಬರೀತೀನಿ, ಓದಿ.

ಮೊದಲಿಗೆ ಒಂದು ಮಾತು. ಆ ಊರಲ್ಲಿ ಮಧ್ಯಾಹ್ನದ ಊಟವೇ ಊಟ. ಒಂದರಿಂದ ಮೂರು ಗಂಟೆಯ ಒಳಗೆ ಊರೇ ಊಟಕ್ಕೆ ಕೂತಿರುತ್ತೆ. ಒಳ್ಳೆ ಮನೆ ಅಡುಗೆ ಸಿಗೋದು ಆಗಲೇ. ರಾತ್ರಿ ಪ್ಲಾಸಾ ದೆ ಅರ್ಮಾಸ್ (ಊರ ನಡುವಿನ ದೊಡ್ಡ ಚೌಕ) ಸುತ್ತ ದೀಪ ಹಾಕಿಕೊಂಡು, ಬಾಗಿಲಲ್ಲಿ ಮೆನು ಹಿಡಿದು ಕರೆಯೋ ಜಾಗಗಳು ಬಹುಪಾಲು ನಮ್ಮಂಥ ಪರಊರವರಿಗೆ ಅಂತ ಇರೋದು. 3,400 ಮೀಟರ್ ಎತ್ತರದಲ್ಲಿ ರಾತ್ರಿ ತಿಂದಿದ್ದು ಬೇಗ ಅರಗೋದೂ ಇಲ್ಲ. ದಿನದ ಸುತ್ತಾಟವನ್ನ ಮಧ್ಯಾಹ್ನದ ಊಟದ ಸುತ್ತ ಹೊಂದಿಸಿಕೊಳ್ಳಿ, ರಾತ್ರಿಗೆ ಒಂದು ಸೂಪು, ಬ್ರೆಡ್ಡು ಸಾಕು.

ಎರಡನೆಯದು, ಅಮ್ಮನ ವಿಷಯ. ಅಲ್ಲಿನ ಮಣ್ಣು ಸಸ್ಯಾಹಾರಿಗಳಿಗೆ ಏನೂ ಕಡಿಮೆ ಮಾಡಿಲ್ಲ. ಆಲೂಗಡ್ಡೆಯಲ್ಲೇ ನೂರಾರು ಜಾತಿ, ಹೆಬ್ಬೆರಳ ಉಗುರಷ್ಟು ಕಾಳಿನ ಮೆಕ್ಕೆಜೋಳ, ಕಿನುವಾ, ತರ್ವಿ ಅನ್ನೋ ಕಾಳು (ಕಹಿ ಹೋಗೋಕೆ ದಿನಗಟ್ಟಲೆ ನೀರು ಬದಲಿಸಿ ನೆನೆಸ್ತಾರೆ), ಸ್ಪೇನಿನವರು ತಂದು ಬೇರೂರಿದ ಹಾಬಾಸ್ ಅವರೆ, ಹಳ್ಳಿಯಿಂದ ಬರೋ ಬಿಳಿ ಚೀಸು. ತೊಂದರೆ ಇರೋದು ಸಾರಿನ ನೀರಲ್ಲಿ. ‘ಸಿನ್ ಕಾರ್ನೆ’, ಅಂದರೆ ಮಾಂಸ ಬೇಡ ಅಂತ ಹೇಳಿದರೆ ತಟ್ಟೆಯಿಂದ ತುಂಡು ತೆಗೆದು ಕೊಡ್ತಾರೆ, ಅಷ್ಟೇ. ಸೂಪು ಮಾಡಿರೋದು ಮೂಳೆ ಬೇಯಿಸಿದ ನೀರಲ್ಲೇ. ಕೋಳಿಯನ್ನ ‘ಕಾರ್ನೆ’ ಅಂತ ಎಷ್ಟೋ ಜನ ಎಣಿಸೋದೂ ಇಲ್ಲ. ಅದಕ್ಕೇ ಬಿಡಿಸಿ ಹೇಳಬೇಕು: ‘ನೊ ಕೊಮೆಮೊಸ್ ಕಾರ್ನೆ, ನಿ ಪೊಯೊ, ನಿ ಪೆಸ್ಕಾದೊ.’ ಆಮೇಲೆ ಸೂಪಿನ ಪಾತ್ರೆ ತೋರಿಸಿ ಕೇಳಿ: ‘ಎಲ್ ಕಾಲ್ದೊ ಯೆವಾ ಕಾರ್ನೆ?’ ಮೊಟ್ಟೆ ಬೇಡ ಅನ್ನೋಕೆ ‘ಸಿನ್ ವೇವೊ’. ಇದನ್ನ ಒಂದು ಚೀಟಿಯಲ್ಲಿ ದೊಡ್ಡ ಅಕ್ಷರದಲ್ಲಿ ಸ್ಪ್ಯಾನಿಷ್‌ನಲ್ಲಿ ಬರೆದು ಅಮ್ಮನ ಪರ್ಸಲ್ಲಿಡಿ. ತಮಾಲೆಗೆ (ಜೋಳದ ಹಿಟ್ಟನ್ನ ಎಲೆಯಲ್ಲಿ ಸುತ್ತಿ ಬೇಯಿಸಿದ ಕಡುಬು) ಹಂದಿ ಕೊಬ್ಬು ಹಾಕೋ ರೂಢಿ ಇದೆ, ಕೇಳದೆ ತಗೋಬೇಡಿ. ಚೀಸಿಗೆ ಹಾಲು ಒಡೆಸೋಕೆ ಅಲ್ಲಿ ಕರುವಿನ ಹೊಟ್ಟೆಯ ರೆನೆಟ್ ಬಳಸೋದು ಸಾಮಾನ್ಯ. ಅಮ್ಮನಿಗೆ ಮೊದಲೇ ತಿಳಿಸಿಬಿಡಿ, ತಿನ್ನೋದು ಬಿಡೋದು ಅವರೇ ನಿರ್ಧರಿಸಲಿ.

ಈಗ ಜಾಗಗಳು. ನೀವು ಮೊದಲು ಹೋಗಬೇಕಾದ್ದು ಸಾನ್ ಬ್ಲಾಸ್ ಮಾರುಕಟ್ಟೆ. ಸಾನ್ ಪೆದ್ರೊ ಅಂತ ಇನ್ನೊಂದಿದೆ, ದೊಡ್ಡದು, ರೈಲು ನಿಲ್ದಾಣದ ಎದುರು, 1925ರಿಂದ ಇರೋದು, ಎಲ್ಲ ಪುಸ್ತಕದಲ್ಲೂ ಅದರ ಫೋಟೊ ಇರುತ್ತೆ. ಅಲ್ಲಿ ಮಾಂಸದ ಸಾಲು ದಾಟಿಕೊಂಡೇ ಊಟದ ಕಡೆ ಹೋಗಬೇಕು, ಆಡು-ಕುರಿ ತಲೆಗಳನ್ನ ಸಾಲಾಗಿ ಇಟ್ಟಿರ್ತಾರೆ. ನಿಮ್ಮ ಅಮ್ಮನಿಗೆ ಅದು ಆಗಲ್ಲ ಅನಿಸುತ್ತೆ. ಸಾನ್ ಬ್ಲಾಸ್ ಮಾರುಕಟ್ಟೆ ಪುಟ್ಟದು, ಬೆಳಕಿದೆ, ಅಡುಗೆ ಕಟ್ಟೆಗಳಲ್ಲಿ ಸಸ್ಯಾಹಾರಿ ‘ಮೆನು’ ಅಂತ ಬರೆದಿರೋವೂ ಇವೆ. ಮೆನು ಅಂದರೆ ಅಲ್ಲಿ ಪಟ್ಟಿ ಅಲ್ಲ, ಆ ದಿನದ ಪೂರ್ತಿ ಊಟ. ಒಂದು ಸೂಪು, ಒಂದು ಮುಖ್ಯ ತಟ್ಟೆ, ಕುಡಿಯೋಕೆ ಬಿಸಿ ಕಷಾಯವೋ ಪಾನಕವೋ, ಎಲ್ಲ ಸೇರಿ ಹತ್ತರಿಂದ ಇಪ್ಪತ್ತು ಸೋಲ್ (ಪೆರುವಿನ ಹಣ) ಆಸುಪಾಸು.

ನಾನು ಹೋಗ್ತಿದ್ದ ಕಟ್ಟೆಯ ಯಜಮಾನಿ ಬಿಳಿ ಟೋಪಿ ಹಾಕಿಕೊಂಡು ಎತ್ತರದ ಸ್ಟೂಲ್ ಮೇಲೆ ನಿಂತೇ ಬಡಿಸೋರು. ಪಾತ್ರೆ ಅಷ್ಟು ಆಳ. ಸೌಟು ತಳಕ್ಕೆ ಇಳಿಸಿ, ಒಂದು ಸುತ್ತು ತಿರುವಿ, ಕಿನುವಾ ಕಾಳೂ ಆಲೂಗಡ್ಡೆಯೂ ಸಮವಾಗಿ ಬರೋ ಹಾಗೆ ಎತ್ತಿ ಬಟ್ಟಲಿಗೆ ಸುರಿದು, ಮೇಲೆ ಹಸಿ ಕೊತ್ತಂಬರಿ ಚೂರು. ಪಕ್ಕದಲ್ಲಿ ಒಂದು ಚಿಕ್ಕ ಬಟ್ಟಲು ಉಚುಕುತಾ ಇಡೋರು. ರೊಕೋತೊ ಮೆಣಸಿನಕಾಯಿ, ಹುವಾಕತಾಯ್ ಸೊಪ್ಪು, ಕೊತ್ತಂಬರಿ, ಹುರಿದ ಕಡಲೆಕಾಯಿ ಸೇರಿಸಿ ಬತಾನ್ ಅನ್ನೋ ಚಪ್ಪಟೆ ಒರಳುಕಲ್ಲಿನಲ್ಲಿ ಅರೆದ ಚಟ್ನಿ ಅದು. ಅಮ್ಮ ಚಟ್ನಿಪುಡಿ ಡಬ್ಬಿ ಮರೆತುಬಿಡ್ತಾರೆ, ನೋಡಿ. ರೊಕೋತೊ ಬಹಳ ಖಾರ, ಮೊದಲು ಚಮಚದ ತುದಿಯಲ್ಲಿ ಮುಟ್ಟಿಸಿಕೊಳ್ಳಲಿ. ಬಡಿಸೋರನ್ನ ‘ಕಸೆರಿತಾ’ ಅಂತ ಕರೆಯಿರಿ, ಅವರೂ ನಿಮ್ಮನ್ನ ಹಾಗೇ ಕರೀತಾರೆ, ಮಾರನೇ ದಿನ ನೀವು ಹೋದರೆ ಕೇಳದೇ ಅಮ್ಮನ ಬಟ್ಟಲು ಬೇರೆ ಮಾಡಿ ಇಟ್ಟಿರ್ತಾರೆ.

ಕೇಳಿ ತಿನ್ನಬೇಕಾದ ಒಂದು ಅಡುಗೆ ಕಪ್ಚಿ. ಹಾಬಾಸ್ ಅವರೆಯ ಸಿಪ್ಪೆ ಸುಲಿದು, ಆಲೂಗಡ್ಡೆ ಜೊತೆ ಬೇಯಿಸಿ, ಹಾಲು, ಚೀಸು, ಹುವಾಕತಾಯ್ ಹಾಕಿ ಮಂದ ಮಾಡಿದ್ದು. ನಮ್ಮ ಹಿತಕಿದಬೇಳೆ ಹುಳಿಗೆ ಹಾಲು ಬೆರೆಸಿದ ಹಾಗೆ, ಮೊದಲ ತುತ್ತಿಗೇ ಮನೆ ನೆನಪಾಗುತ್ತೆ. ಮಳೆಗಾಲದಲ್ಲಾದರೆ ಕಾಡು ಅಣಬೆ ಹಾಕಿ ಮಾಡ್ತಾರೆ, ಜೂನ್‌ನಲ್ಲಿ ಅವರೆಯದ್ದೇ ಕೇಳಿ: ‘ಕಪ್ಚಿ ದೆ ಹಾಬಾಸ್’. ಕೆಲವರು ಮೊಟ್ಟೆ ಒಡೆದು ಹಾಕ್ತಾರೆ, ಆದ್ದರಿಂದ ಅಮ್ಮನದಕ್ಕೆ ಮೊದಲೇ ಹೇಳಬೇಕು. ಲಾವಾ ಅಂತ ಜೋಳದ ಹಿಟ್ಟಿನ ಗಟ್ಟಿ ಸೂಪು, ಲೊಕ್ರೊ ಅಂತ ಕುಂಬಳಕಾಯಿ, ಆಲೂಗಡ್ಡೆ, ಚೀಸಿನ ಪಲ್ಯ, ಸೊಲ್ತೆರಿತೊ ಅಂತ ಅವರೆ-ಜೋಳ-ಚೀಸಿನ ಕೋಸಂಬರಿ, ಇವೂ ಸಿಗುತ್ವೆ. ಕೋಸಂಬರಿ ಮಾತ್ರ ನಂಬಿಕೆ ಇರೋ ಕಡೆ ತಿನ್ನಿ, ನಲ್ಲಿ ನೀರು ಕುಡಿಯೋಕೆ ಯೋಗ್ಯ ಅಲ್ಲ, ಅದರಲ್ಲೇ ತೊಳೆದಿರ್ತಾರೆ.

ನಾಲ್ಕು ಜನ ಒಟ್ಟಿಗೆ ಕೂರೋಕೆ ನನ್ನ ಆಯ್ಕೆ ‘ಕಿಂತಾ’ಗಳು. ದೊಡ್ಡ ಅಂಗಳದ ಹಳೇ ಊಟದ ಮನೆಗಳು, ಮಧ್ಯಾಹ್ನ ಮಾತ್ರ. ಚೊಕೆಚಾಕಾ ಬೀದಿಯ ಕಿಂತಾ ಎವುಲಾಲಿಯಾ 1941ರದ್ದು, ಅಂಗಳದಲ್ಲಿ ಬಿಸಿಲು ಬೀಳುತ್ತೆ, ಜೂನ್ ಚಳಿಗೆ ಅದು ಬಹಳ ಹಿತ. ಮಾಂಸದ ಅಡುಗೆಗೆ ಹೆಸರಾದ ಜಾಗವೇ, ಆದರೂ ನಿಮ್ಮ ಹೆಂಡತಿ ಅವರಿಗೆ ಬೇಕಾದ್ದು ತಿಂತಾ ಇರುವಾಗ ಅಮ್ಮನಿಗೆ ಕಪ್ಚಿಯೋ, ಬೇಯಿಸಿದ ಆಲೂಗಡ್ಡೆ-ಚೀಸೋ ಕೇಳಬಹುದು. ಸಾನ್ ಬ್ಲಾಸ್ ಚರ್ಚಿನ ಎದುರಿನ ಪಾಚಾಪಾಪಾ ಅದೇ ಥರದ ಅಂಗಳ, ಮಣ್ಣಿನ ಒಲೆ ಇದೆ, ಸಂಜೆಗೂ ತೆರೆದಿರುತ್ತೆ, ಬೆಲೆ ಸ್ವಲ್ಪ ಜಾಸ್ತಿ. ಪೂರ್ತಿ ಸಸ್ಯಾಹಾರ ಅಂದರೆ ಕಾರ್ಮೆನ್ ಬಾಹೊ ಬೀದಿಯ ಗ್ರೀನ್ ಪಾಯಿಂಟ್, ಅಲ್ಲಿ ಹಾಲು ಕೂಡ ಬಳಸಲ್ಲ. ಅಮ್ಮ ಏನನ್ನೂ ಕೇಳದೆ, ಚೀಟಿ ತೋರಿಸದೆ ತಟ್ಟೆಗೆ ಕೈ ಹಾಕಬಹುದಾದ ಜಾಗ ಒಂದು ಬೇಕಲ್ಲ, ಅದಕ್ಕೆ ಒಂದು ಊಟ ಅಲ್ಲಿ ಇಟ್ಟುಕೊಳ್ಳಿ. ಹೊರಡೋ ಮುಂಚೆ ಮ್ಯಾಪ್‌ನಲ್ಲಿ ತೆರೆದಿದೆಯಾ ನೋಡಿಕೊಳ್ಳಿ, ಆ ಊರಲ್ಲಿ ಜಾಗಗಳು ಆಗಾಗ ಬದಲಾಗ್ತವೆ.

ಸಾನ್ ಬ್ಲಾಸ್ ಬಡಾವಣೆ ಕಡಿದಾದ ಏರು. ಅಪ್ಪನನ್ನ ಮೆಟ್ಟಿಲು ಹತ್ತಿಸಬೇಡಿ. ಟ್ಯಾಕ್ಸಿಯಲ್ಲಿ ಮೇಲೆ ಹೋಗಿ, ಉಂಡು, ನಿಧಾನಕ್ಕೆ ಕೆಳಗೆ ನಡೆದು ಬನ್ನಿ. ದಾರಿಯಲ್ಲಿ ಆತುನ್ ರುಮಿಯೊಕ್ ಬೀದಿಯ ಇಂಕಾ ಗೋಡೆಯಲ್ಲಿರೋ ಹನ್ನೆರಡು ಮೂಲೆಯ ಕಲ್ಲು ಸಿಗುತ್ತೆ, ಮೇಷ್ಟ್ರಿಗೆ ಅಲ್ಲಿ ಅರ್ಧ ಗಂಟೆ ಬೇಕು.

ಸಾನ್ ಪೆದ್ರೊಗೆ ಹೋಗಲೇಬೇಡಿ ಅಂತಲ್ಲ. ಮುಂಬಾಗಿಲ ಕಡೆಯಿಂದ ಹೋದರೆ ಹಣ್ಣಿನ ರಸದ ಸಾಲೇ ಇದೆ. ಲೋಟ ಖಾಲಿ ಆದಮೇಲೆ ಮಿಕ್ಸಿ ಜಾರಿನಲ್ಲಿ ಉಳಿದಿದ್ದನ್ನ ಕೊಸರು ಅಂತ ಮತ್ತೆ ಹಾಕ್ತಾರೆ, ಹಾಕದಿದ್ದರೆ ‘ಯಾಪಾ’ ಅಂತ ಕೇಳಿ, ಖುಷಿಯಾಗಿ ಕೊಡ್ತಾರೆ. ನೀರು ಬೆರೆಸಬೇಡಿ ಅಂತ ಹೇಳೋದು ಮರೀಬೇಡಿ. ಅಲ್ಲೇ ಬ್ರೆಡ್ ಮಾರೋರ ಹತ್ತಿರ ಒರೊಪೆಸಾ ಊರಿನ ಚುತಾ ಸಿಗುತ್ತೆ, ತಟ್ಟೆಯಷ್ಟು ಅಗಲದ ಸಿಹಿ ಬ್ರೆಡ್ಡು. ಹಿಟ್ಟಿಗೆ ಮೊಟ್ಟೆ, ಕೊಬ್ಬು ಸೇರಿಸಿದ್ದಾರಾ ಅಂತ ಅಮ್ಮನಿಗೋಸ್ಕರ ಕೇಳಿಕೊಳ್ಳಿ. ಎಳೆ ಜೋಳದ ಕಾಲ ಜೂನ್‌ಗೆ ಮುಗೀತಾ ಬಂದಿರುತ್ತೆ, ಆದರೂ ಬುಟ್ಟಿಯಲ್ಲಿ ಬಟ್ಟೆ ಮುಚ್ಚಿ ಬಿಸಿ ಜೋಳ-ಚೀಸು ಮಾರೋ ಹೆಂಗಸರು ಕಂಡರೆ ಬಿಡಬೇಡಿ.

ಜೂನ್‌ನಲ್ಲಿ ಹೋಗ್ತಿದ್ದೀರಲ್ಲ, ಒಂದು ಭಾಗ್ಯ ಇದೆ. ಆಲೂಗಡ್ಡೆ ಕೀಳೋ ಕಾಲ. ಹೊಲದಲ್ಲೇ ಒಣ ಮಣ್ಣಿನ ಹೆಂಟೆಗಳನ್ನ ಗುಮ್ಮಟದ ಹಾಗೆ ಪೇರಿಸಿ, ಒಳಗೆ ಬೆಂಕಿ ಮಾಡಿ, ಹೆಂಟೆ ಕೆಂಪಗೆ ಕಾದಮೇಲೆ ಆಲೂಗಡ್ಡೆ ತುಂಬಿ, ಮೇಲಿಂದ ಆ ಬಿಸಿ ಮಣ್ಣನ್ನೇ ಕೆಡವಿ ಮುಚ್ಚಿಬಿಡ್ತಾರೆ. ಹುವಾತಿಯಾ ಅಂತಾರೆ. ಮುಕ್ಕಾಲು ಗಂಟೆ ಬಿಟ್ಟು ಅಗೆದು ತೆಗೆದರೆ ಸಿಪ್ಪೆ ಗರಿಗರಿ, ಒಳಗೆ ಹಿಟ್ಟು ಹಿಟ್ಟು, ಹೊಗೆಯ ವಾಸನೆ. ಉಚುಕುತಾ, ಚೀಸು ಜೊತೆ ತಿನ್ನೋದು. ಊರ ಸುತ್ತಲಿನ ಹಳ್ಳಿಗಳಲ್ಲಿ, ಚಿಂಚೆರೊ ಕಡೆ ಹೋಗೋ ರಸ್ತೆಯಲ್ಲಿ, ಹೊಲದಲ್ಲಿ ಹೊಗೆ ಕಂಡರೆ ನಿಮ್ಮ ಟ್ಯಾಕ್ಸಿಯವರನ್ನ ಕೇಳಿ. ಕುಸ್ಕೊದಲ್ಲಿ ನಾನು ತಿಂದ ಅತಿ ಒಳ್ಳೆಯ ಊಟ ಯಾವುದು ಅಂತ ಕೇಳಿದರೆ ಇದನ್ನೇ ಹೇಳ್ತೀನಿ.

ಇಂಗಿನ ಒಗ್ಗರಣೆಯವರು ಹೇಳಿದ ಪೊಟ್ಟಣ ಒಂದೆರಡು ಇರಲಿ, ದೊಡ್ಡವರಿಗೆ ಧೈರ್ಯ. ಆದರೆ ಪ್ರತಿ ಊಟಕ್ಕೂ ಅದನ್ನೇ ಬಿಚ್ಚಬೇಡಿ ಅಂತ ನನ್ನ ಕಳಕಳಿಯ ಕೋರಿಕೆ.

ಕೊಡಗಿನ_ಕರಿಮೆಣಸು

ಹೊಯ್ಸಳೆ ಮೇಡಂ ಸಸ್ಯಾಹಾರ ಪೂರ್ತಿ ಹೇಳಿದ್ದಾರೆ, ನಾನು ನಿಮ್ಮ ಮನೆಯವರ ಪರವಾಗಿ ಬರೀತೀನಿ ಸರ್.

ಜೂನ್ ಮೊದಲ ವಾರ ಅಂದ್ರಿ. ಈಸ್ಟರ್ ಆದ 60 ದಿನಕ್ಕೆ ಬರೋ ಗುರುವಾರ ಕಾರ್ಪಸ್ ಕ್ರಿಸ್ತಿ ಹಬ್ಬ, ತಾರೀಖು ನೋಡಿಕೊಳ್ಳಿ. ಬೇರೆ ಬೇರೆ ಚರ್ಚುಗಳಿಂದ 15 ಸಂತರ, ಮಾತೆಯರ ಮೂರ್ತಿಗಳನ್ನ ಹೊತ್ತು ಕ್ಯಾಥೆಡ್ರಲ್‌ಗೆ ತರ್ತಾರೆ. ಆ ಹೊತ್ತಲ್ಲಿ ಪ್ಲಾಸಾ ಸಾನ್ ಫ್ರಾನ್ಸಿಸ್ಕೊದಲ್ಲಿ ಡೇರೆ ಹಾಕಿ ಚಿರಿಉಚು ಮಾರ್ತಾರೆ. ಒಂದೇ ತಟ್ಟೆಯಲ್ಲಿ ಹುರಿದ ಗಿನಿಯಿಲಿ, ಕೋಳಿ, ಒಣಗಿಸಿದ ಮಾಂಸ, ಜೋಳದ ಹಿಟ್ಟಿನ ತೊರ್ರೆಹಾ, ಚೀಸು, ಹುರಿಜೋಳ, ಮೀನಿನ ಮೊಟ್ಟೆ, ಕಡಲಪಾಚಿ, ಮೇಲೆ ರೊಕೋತೊ. ಎಲ್ಲ ತಣ್ಣಗೇ ತಿನ್ನೋದು. ಸಮುದ್ರ, ಮಲೆ, ಬಯಲು ಎಲ್ಲದರಿಂದ ಒಂದೊಂದು ಬಂದು ತಟ್ಟೆಯಲ್ಲಿ ಕೂತಿರುತ್ತೆ. ಕೈಯಲ್ಲೇ ತಿನ್ನೋದರಿಂದ ನಮಗೆ ಸಲೀಸು. ಇದೊಂದನ್ನ ನಿಮ್ಮ ಮನೆಯವರು ತಪ್ಪಿಸಿಕೊಳ್ಳಬಾರದು.

ಗಿನಿಯಿಲಿಯನ್ನ ಅಲ್ಲಿ ಕುಯ್ ಅಂತಾರೆ. ತಲೆ ಸಮೇತ ತರ್ತಾರೆ, ನಿಮ್ಮ ಅಮ್ಮ ಅದೇ ಮೇಜಿನಲ್ಲಿದ್ದರೆ ಕತ್ತರಿಸಿ ತರೋಕೆ ಹೇಳಿ. ಅಪ್ಪನಿಗೆ ಇತಿಹಾಸ ಅಂದರಲ್ಲ, ಕ್ಯಾಥೆಡ್ರಲ್ ಒಳಗೆ ಮಾರ್ಕೊಸ್ ಸಪಾತಾ 18ನೇ ಶತಮಾನದಲ್ಲಿ ಬರೆದ ಯೇಸುವಿನ ಕೊನೆಯ ಭೋಜನದ ಚಿತ್ರ ಇದೆ. ಮೇಜಿನ ನಡುವೆ ತಟ್ಟೆಯಲ್ಲಿ ಕುಯ್ ಮಲಗಿದೆ. ಊಟಕ್ಕೆ ಮುಂಚೆ ಅದನ್ನ ನೋಡಿಕೊಂಡು ಬಂದರೆ ಈ ಊಟ ಅವರಿಗೆ ಎಷ್ಟು ಹತ್ತಿರದ್ದು ಅಂತ ತಿಳಿಯುತ್ತೆ. ಕುಯ್‌ಗೇ ಅಂತ ಹೋಗೋದಾದರೆ ಊರಿಂದ ಸ್ವಲ್ಪ ದೂರದ ತಿಪೊನ್, ಚಿಚರ್ರೊನ್‌ಗೆ (ಹುರಿದ ಹಂದಿ ಮಾಂಸ) ಸಾಯ್ಯಾ, ಎರಡೂ ಒಂದೇ ಹೆದ್ದಾರಿಯಲ್ಲಿ. ಊರೊಳಗೆ ಕೊರಿಕಾಂಚಾ ದೇವಾಲಯದ ಹತ್ತಿರ ಪಂಪಾ ದೆಲ್ ಕಸ್ತಿಯೊ ಬೀದಿಯಲ್ಲೂ ಚಿಚರ್ರೊನ್ ಅಂಗಡಿಗಳ ಸಾಲಿದೆ. ಹಂದಿ ಮಾಂಸದ ವಿಷಯದಲ್ಲಿ ನಾವು ಕೊಡಗಿನವರು ಸುಲಭಕ್ಕೆ ಹೊಗಳಲ್ಲ. ಪುದೀನ, ಈರುಳ್ಳಿ, ಹುರಿಜೋಳದ ಜೊತೆ ಅವರು ಕೊಡೋದನ್ನ ನಾನು ಮನಸಾರೆ ಹೊಗಳ್ತೀನಿ. ರಾತ್ರಿ ಬೀದಿ ಮೂಲೆಯಲ್ಲಿ ಕೆಂಡದ ಮೇಲೆ ಸುಡೋ ಆಂತಿಕುಚೊ, ದನದ ಹೃದಯದ್ದು, ತುದಿಯಲ್ಲಿ ಒಂದು ಆಲೂಗಡ್ಡೆ. ದನ ತಿನ್ನದವರಾದರೆ ಬಿಟ್ಟುಬಿಡಿ.

ಮೈಸೂರಿನ_ಮಗ

ಎಲ್ಲರಿಗೂ ಬಹಳ ಧನ್ಯವಾದ. ಅಮ್ಮನಿಗೆ ಓದಿ ಹೇಳಿದೆ. ಹಿತಕಿದಬೇಳೆ ಅಂದಕೂಡಲೇ ಮುಖ ಅರಳಿತು, ರೆನೆಟ್ ವಿಷಯ ಕೇಳಿ ‘ಚೀಸು ಬೇಡ, ಹಾಲು ಸಾಕು’ ಅಂದರು. ಹೊಯ್ಸಳೆ ಅಕ್ಕಾ, ಚೀಸಿಲ್ಲದೆ ಕಪ್ಚಿ ಮಾಡಿಕೊಡ್ತಾರಾ? ಮತ್ತೆ, ಬಂದಿಳಿದ ಮೊದಲ ದಿನ ಏನು ತಿನ್ನೋದು? ಅಪ್ಪನಿಗೆ ಎತ್ತರದ್ದು ಭಯ. ಕೋಕಾ ಎಲೆ ಟೀ ಕುಡಿಸಬಹುದಾ?

ಹಾಸನದ_ಹೊಯ್ಸಳೆ

ಆಗಲೇ ಕುದಿಸಿಟ್ಟ ಪಾತ್ರೆಯಿಂದ ಚೀಸು ತೆಗೆಯೋಕೆ ಆಗಲ್ಲ ತಮ್ಮ. ಕಿಂತಾಗೆ ಹೋಗೋ ದಿನ ಬೆಳಿಗ್ಗೆಯೇ ಹೋಟೆಲಿನವರಿಂದ ಫೋನ್ ಮಾಡಿಸಿ, ‘ಸಿನ್ ಕೇಸೊ, ಸಿನ್ ವೇವೊ’ ಒಂದು ತಟ್ಟೆ ಬೇರೆ ಮಾಡಿ ಅಂತ ಹೇಳಿಸಿ. ಒಪ್ಪದಿದ್ದರೆ ಅಮ್ಮನಿಗೆ ಮಾರುಕಟ್ಟೆಯ ಸಸ್ಯಾಹಾರಿ ಕಟ್ಟೆ ಮತ್ತು ಗ್ರೀನ್ ಪಾಯಿಂಟ್ ಇದ್ದೇ ಇದೆ. ಹುವಾತಿಯಾ ಆಲೂಗಡ್ಡೆಗೆ ಚೀಸು ಬೇಕಾಗೇ ಇಲ್ಲ. ಉಚುಕುತಾಗೆ ಕೆಲವರು ಚೀಸು ಅರೆದು ಸೇರಿಸ್ತಾರೆ, ಅದನ್ನೂ ಕೇಳಿಕೊಳ್ಳಿ.

ಮೊದಲ ದಿನದ ಬಗ್ಗೆ ನನ್ನ ಸಲಹೆ ಬೇರೆಯೇ. ಹೋಟೆಲ್ ಬದಲಿಸೋಕೆ ಆಗೋದಾದರೆ ಕುಸ್ಕೊ ವಿಮಾನ ನಿಲ್ದಾಣದಿಂದ ನೇರ ಉರುಬಂಬಾ ನದಿಯ ಕಣಿವೆಗೆ (ಸೇಕ್ರೆಡ್ ವ್ಯಾಲಿ) ಇಳಿದುಬಿಡಿ. ಅಲ್ಲಿನ ಉರುಬಂಬಾ, ಒಯಾಂತಾಯ್ತಂಬೊ ಊರುಗಳು ಎರಡೂ 2,800 ಮೀಟರ್ ಆಸುಪಾಸು, ಮಾಚು ಪಿಚು ಇನ್ನೂ ಕೆಳಗೆ, ಸುಮಾರು 2,430. ಮೊದಲು ಅವೆಲ್ಲ ಮುಗಿಸಿ, ಮೈ ಒಗ್ಗಿದಮೇಲೆ ಕುಸ್ಕೊಗೆ ಹತ್ತಿ ಬನ್ನಿ. ಆಗ ಊಟ ರುಚಿಸುತ್ತೆ. ಬಂದ ದಿನವೇ ತಲೆನೋವು, ವಾಂತಿ ಅಂತ ಮಲಗಿದವರಿಗೆ ಯಾವ ಕಪ್ಚಿಯೂ ಸೇರಲ್ಲ. ಅಂದಿನ ಊಟ ಕಿನುವಾ ಸೂಪು, ಬ್ರೆಡ್ಡು, ಅಷ್ಟೇ. ತರಕಾರಿ ನೀರಲ್ಲೇ ಮಾಡಿಕೊಡಿ ಅಂತ ಹೋಟೆಲಿಗೆ ಮೊದಲೇ ಮೇಲ್ ಹಾಕಿ. ಎತ್ತರಕ್ಕೆ ಮಾತ್ರೆ ಬೇಕಾ, ಬಿಪಿ ಮಾತ್ರೆ ಜೊತೆ ಅದು ಹೊಂದುತ್ತಾ ಅನ್ನೋದನ್ನ ಹೊರಡೋ ಮುಂಚೆ ಅಪ್ಪನ ಡಾಕ್ಟರ್ ಹತ್ತಿರವೇ ಕೇಳಿ. ಕೋಕಾ ಟೀ ವಿಷಯವನ್ನೂ ಅವರಲ್ಲೇ ಕೇಳಿ, ಅದು ಸ್ವಲ್ಪ ಉತ್ತೇಜಕ. ಬೇಡ ಅಂದರೆ ಮೂನ್ಯಾ ಎಲೆಯ ಟೀ ಕೊಡಿ, ಪುದೀನದ ಘಮ, ಹೊಟ್ಟೆಗೂ ಹಗುರ. ಸಂಜೆ ತಳ್ಳುಗಾಡಿಯಲ್ಲಿ ಎಮೊಲಿಯೆಂತೆ ಅಂತ ಬಾರ್ಲಿ, ಅಗಸೆಬೀಜ, ಗಿಡಮೂಲಿಕೆಗಳ ಬಿಸಿ ಕಷಾಯ ಮಾರ್ತಾರೆ, ಅದು ನಿಮ್ಮ ಅಮ್ಮನಿಗೆ ಖಂಡಿತ ಇಷ್ಟ ಆಗುತ್ತೆ.

ಕೋಕಾ ಟೀ ಪುಡಿ, ಎಲೆ, ಮಿಠಾಯಿ ಯಾವುದನ್ನೂ ಡಲ್ಲಾಸ್‌ಗೆ ವಾಪಸ್ ತರಬೇಡಿ. ಪೆರುವಿನಲ್ಲಿ ಕಾನೂನಿಗೆ ಒಪ್ಪಿದ್ದು, ಅಮೆರಿಕದಲ್ಲಿ ನಿಷಿದ್ಧ. ನಿಮಗೋ ನಿಮ್ಮ ಹೆಂಡತಿಗೋ ಆಫೀಸಿನಲ್ಲಿ ಡ್ರಗ್ ಟೆಸ್ಟ್ ಇರೋದಾದರೆ ಅಲ್ಲಿ ಕುಡಿಯೋದೂ ಬೇಡ, ಒಂದು ಲೋಟ ಟೀ ಕುಡಿದರೂ ಪರೀಕ್ಷೆಯಲ್ಲಿ ಕಾಣಿಸಿಕೊಳ್ಳಬಹುದು. ಸ್ಪ್ಯಾನಿಷ್ ಚೀಟಿ ನಾನೇ ಬರೆದು ಕಳಿಸ್ತೀನಿ, ಇನ್‌ಬಾಕ್ಸ್ ನೋಡಿ, ಚೀಸು ಬೇಡ ಅನ್ನೋದನ್ನೂ ಸೇರಿಸಿರ್ತೀನಿ.